ಹ್ಯಾಕ್ಸಾ ಬ್ಲೇಡಿನಷ್ಟು ಓರೆ

ಹೆಂಡತಿ ಬಂದೂಕು ಹಿಡಿದು ಕೂತಾಗ ಗಂಡನಾದವನು ಎಲ್ಲಿ ನಿಲ್ಲಬೇಕು ಎನ್ನುವುದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವನು ನಾನು. ಎದುರಿಗೆ ನಿಲ್ಲಬಾರದು ಎಂಬಷ್ಟು ತಿಳಿವಳಿಕೆ ನನಗೂ ಇದೆ. ಪಕ್ಕದಲ್ಲಿ ನಿಂತರೆ ನನ್ನ ಉಸಿರಾಟದ ಸದ್ದಿಗೆ ಗುರಿ ತಪ್ಪುತ್ತದೆ ಎನ್ನುತ್ತಾಳೆ. ಹಿಂದೆ ನಿಂತರೆ ನನಗೆ ಏನೂ ಕಾಣುವುದಿಲ್ಲ. ಆದ್ದರಿಂದ ವಾರಕ್ಕೆ ಮೂರು ದಿನ ಶೂಟಿಂಗ್ ಕ್ಲಬ್ಬಿನ ಬಾಗಿಲ ಹತ್ತಿರ ಚಪ್ಪಲಿಗಳ ಜೊತೆ ನಿಲ್ಲುತ್ತೇನೆ.

ಗಾಬರಿಯಾಗಬೇಡಿ, ಅದು ಗಾಳಿ ಬಂದೂಕು. ಕಡಲೆಕಾಳಿಗಿಂತ ಸಣ್ಣ ಸೀಸದ ಗುಂಡು ಹೋಗಿ ರಟ್ಟಿನ ಮೇಲೆ ಅಚ್ಚು ಮಾಡಿದ ಸಣ್ಣ ಸಣ್ಣ ವೃತ್ತಗಳನ್ನು ತೂತು ಮಾಡುತ್ತದೆ, ಅಷ್ಟೆ. ನನ್ನ ಹೆಂಡತಿ ವನಜ ಅಂಚೆ ಕಚೇರಿಯ ಕೌಂಟರಿನಲ್ಲಿ ಠಸ್ಸೆ ಹೊಡೆದೂ ಹೊಡೆದೂ ನಿವೃತ್ತಳಾದವಳು. ಪಕ್ಕದ ಮನೆಯ ಮಗುವನ್ನು ಕ್ಲಬ್ಬಿಗೆ ಬಿಡಲು ಹೋದವಳು, ಮೇಜಿನ ಮುಂದೆ ಕೂತು ಮರಳಿನ ಚೀಲದ ಮೇಲೆ ಬಂದೂಕಿಟ್ಟು ಹೊಡೆಯುವ ಆಟವೂ ಒಂದಿದೆ ಎಂದು ಕಂಡು, ಮಂಡಿ ನೋವಿನವರಿಗೆ ಇದಕ್ಕಿಂತ ಒಳ್ಳೆಯದು ಇನ್ನೇನಿದೆ ಎಂದುಕೊಂಡು ಅಲ್ಲೇ ಕೂತುಬಿಟ್ಟಳು. ಬದುಕೆಲ್ಲ ದುಂಡನೆಯ ಮುದ್ರೆ ಒತ್ತಿದವಳಿಗೆ ದುಂಡನೆಯ ಗುರಿಯೇನೂ ಹೊಸದಲ್ಲ. ಆರು ತಿಂಗಳಲ್ಲಿ ಹಳೆಯದೊಂದು ಬಂದೂಕು, ಅದಕ್ಕೊಂದು ದುರ್ಬೀನು, ಎರಡೂ ಶಿವಮೊಗ್ಗದ ದುರ್ಗಿಗುಡಿಯ ನಮ್ಮ ಮನೆಗೆ ಬಂದವು.

ತೊಂದರೆ ಏನಾಯಿತೆಂದರೆ, ದುರ್ಬೀನಿನಲ್ಲಿ ವೃತ್ತದ ನಟ್ಟನಡುವೆ ನೋಡಿ ಹೊಡೆದರೂ ಗುಂಡು ಎರಡು ಬೆರಳು ಕೆಳಗೆ ಬೀಳುತ್ತಿತ್ತು. ದುರ್ಬೀನಿನ ತಿರುಪನ್ನು ಕೊನೆಯವರೆಗೆ ತಿರುಗಿಸಿದ್ದಾಯಿತು, ಆದರೂ ಕೆಳಗೆ. ಬಂದೂಕೇ ಸರಿಯಿಲ್ಲ ಎಂದಳು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದೆ ನಾನು. ಬಂದೂಕು ಇರುವ ಮನೆಯಲ್ಲಿ ಗಾದೆಗಳನ್ನು ಆಯ್ದು ಬಳಸಬೇಕು ಎಂದು ಆಮೇಲೆ ಗೊತ್ತಾಯಿತು.

ಕ್ಲಬ್ಬಿನ ಕೋಚ್ ಸೇನೆಯಿಂದ ನಿವೃತ್ತರಾದ ತಾಳ್ಮೆಯ ಮನುಷ್ಯ. ಅವರು ಬಂದೂಕನ್ನು ನೋಡಿ, ಇದರ ಕೊಳವೆ ತುಸು ತಲೆ ತಗ್ಗಿಸಿದೆ, ಮೇಲಿನ ದುರ್ಬೀನು ಮಾತ್ರ ನೆಟ್ಟಗೆ ನೋಡುತ್ತಿದೆ ಎಂದರು. ದುರ್ಬೀನೂ ಅಷ್ಟೇ ತಲೆ ತಗ್ಗಿಸಿದರೆ ಇಬ್ಬರೂ ಒಂದೇ ಕಡೆ ನೋಡುತ್ತಾರೆ. ಅದಕ್ಕೆ ದುರ್ಬೀನು ಕೂರುವ ಲೋಹದ ಪಟ್ಟಿ, ಅವರು ರೇಲ್ ಅನ್ನುತ್ತಾರೆ, ಹಿಂದುಗಡೆ ಅರ್ಧ ಮಿಲಿಮೀಟರಿಗಿಂತ ಒಂದು ಚೂರು ಹೆಚ್ಚು ದಪ್ಪ ಇರಬೇಕು. ಅಂಗಡಿಯ ರೇಲುಗಳು ಈ ಹಳೆಯ ಬಂದೂಕಿನ ಬೆನ್ನಿಗೆ ಕೂರುವುದಿಲ್ಲ, ಮಾಡಿಸಬೇಕು ಎಂದು ಚೀಟಿಯಲ್ಲಿ ಚಿತ್ರ ಬರೆದುಕೊಟ್ಟರು. ನಾನು ತಲೆಯಾಡಿಸಿದೆ. ಮನೆಗೆ ಬಂದು ಸೌಟನ್ನು ಬಂದೂಕು, ಚಮಚವನ್ನು ದುರ್ಬೀನು ಮಾಡಿಕೊಂಡು ಅರ್ಧ ಗಂಟೆ ನೋಡಿದೆ. ಗುಂಡು ಮೇಲೆ ಹೋಗಬೇಕಾದರೆ ದುರ್ಬೀನು ಯಾಕೆ ಕೆಳಗೆ ನೋಡಬೇಕು? ಕೆಳಗೆ ನೋಡಬೇಕಾದರೆ ಹಿಂಭಾಗವನ್ನು ಯಾಕೆ ಎತ್ತಬೇಕು? ಸಾರು ಬಡಿಸಲು ಸೌಟು ಬೇಕು ಎಂದು ವನಜ ಕಿತ್ತುಕೊಂಡಾಗ ನಾನು ಹೊರಟಲ್ಲೇ ಇದ್ದೆ.

ರೇಲ್ ಯಾರು ಮಾಡಬೇಕು ಎಂಬ ಬಗ್ಗೆ ಮಾತ್ರ ಗೊಂದಲ ಇರಲಿಲ್ಲ. ವನಜಳ ಅಣ್ಣ ಶ್ರೀಧರ ಭಾವ ಭದ್ರಾವತಿಯಲ್ಲಿ ಕಾರ್ಖಾನೆಯೊಂದರ ಮಷೀನ್ ಶಾಪಿನಲ್ಲಿ ಬದುಕು ಸವೆಸಿದವರು. ನಿವೃತ್ತರಾದ ಮೇಲೆ ಹೊಸಮನೆ ಬಡಾವಣೆಯ ತಮ್ಮ ಮನೆಯ ಹಿತ್ತಿಲಲ್ಲಿ ಶೀಟಿನ ಶೆಡ್ಡು ಹಾಕಿ ಒಂದು ಲೇಥು, ಲೋಹ ಕೊರೆಯುವ ಒಂದು ಸಣ್ಣ ಮಿಲ್ಲಿಂಗ್ ಮಷೀನು ಇಟ್ಟುಕೊಂಡಿದ್ದಾರೆ. ಜಗತ್ತಿನಲ್ಲಿ ಓರೆಯಾದದ್ದು ಯಾವುದೂ ಅವರಿಗೆ ಸೇರುವುದಿಲ್ಲ. ಜೇಬಿನಲ್ಲಿ ಬೆರಳುದ್ದದ ರಸಮಟ್ಟ ಇರುತ್ತದೆ. ನಮ್ಮ ಗೃಹಪ್ರವೇಶಕ್ಕೆ ಎಲ್ಲರೂ ಗೋಡೆ ಗಡಿಯಾರ ಕೊಟ್ಟರೆ ಇವರು ವರ್ನಿಯರ್ ಕ್ಯಾಲಿಪರ್ ಕೊಟ್ಟರು. ನಮ್ಮ ಹಜಾರದಲ್ಲಿ ನಮ್ಮ ಮದುವೆಯ ಫೋಟೋ ಇದೆ. ಅದರ ಒಂದು ಅಂಚಿನ ಹಿಂದೆ ಮಡಿಸಿದ ರಟ್ಟಿನ ಚೂರೊಂದು ಸಿಕ್ಕಿಕೊಂಡಿದ್ದು, ಫೋಟೋ ಸ್ವಲ್ಪ ಮುಖ ತಿರುಗಿಸಿದ ಹಾಗೆ ನಿಂತಿರುತ್ತದೆ. ಭಾವ ಬಂದಾಗಲೆಲ್ಲ ಕಾಫಿಗೂ ಮೊದಲು ಆ ರಟ್ಟನ್ನು ಕಿತ್ತು, ಫೋಟೋವನ್ನು ಗೋಡೆಗೆ ಒತ್ತಿ ನೆಟ್ಟಗೆ ಮಾಡುತ್ತಾರೆ. ಅವರು ಹೋದ ಮಾರನೆಯ ದಿನ ರಟ್ಟು ಮತ್ತೆ ಅಲ್ಲಿರುತ್ತದೆ. ಮನೆಯಲ್ಲಿ ಎಷ್ಟೋ ಸಂಗತಿಗಳು ತಾವಾಗಿಯೇ ಆಗುತ್ತವಲ್ಲ, ಇದೂ ಹಾಗೇ ಎಂದು ನಾನು ಕೇಳಲು ಹೋಗಿರಲಿಲ್ಲ.

ಆದರೆ ಈಚೆಗೆ ಭಾವನ ಕೈಯಲ್ಲಿ ಕಾಫಿ ಲೋಟ ನಡುಗುತ್ತಿತ್ತು. ಒಂದು ಕಣ್ಣಿಗೆ ಪೊರೆ ತೆಗೆಸಿದ್ದಾಗಿತ್ತು. ಮಷೀನು ಕೊಳ್ಳಲು ಯಾರೋ ಎರಡು ಸಲ ಬಂದು ನೋಡಿ ಹೋಗಿದ್ದರು. ವನಜ ರೇಲಿನ ವಿಷಯ ಫೋನಿನಲ್ಲಿ ಹೇಳಿದಾಗ ಭಾವ, "ಮಾಡ್ತೀನಿ. ಇದು ಸರಿ ಬಂತು ಅಂದ್ರೆ ಮಷೀನು ಇಟ್ಕೊಳ್ತೀನಿ. ಇಲ್ದಿದ್ರೆ ಕೈ ಹೋಯ್ತು ಅಂತ ಲೆಕ್ಕ, ಕೊಟ್ಬಿಡ್ತೀನಿ" ಎಂದರಂತೆ. ತಮಾಷೆಗೆ ಆಡಿದ ಮಾತಲ್ಲ ಎಂದು ಅವಳಿಗೆ ಗೊತ್ತಾಗಿತ್ತು. ಫೋನು ಇಟ್ಟವಳು ಒಗ್ಗರಣೆ ಸೀಯಿಸಿದಳು.

ಕೋಚ್ ಬರೆದ ಚೀಟಿಯ ಮೇಲೆ ನಾನು ಕಾಫಿ ಚೆಲ್ಲಿದ್ದೆ. ಹಾಗಾಗಿ ಒಳ್ಳೆಯ ಹಾಳೆಯಲ್ಲಿ ಅದನ್ನು ನಕಲು ಮಾಡಿ, ಹಿಂದೆ, ಮುಂದೆ, ಅಳತೆ ಎಲ್ಲ ದುಂಡಗೆ ಬರೆದು, ಬಂದೂಕಿನ ಸಮೇತ ಭದ್ರಾವತಿಗೆ ತಲುಪಿಸಿ ಬಂದೆವು. ಎಂಟು ದಿನಕ್ಕೆ ಬಂದೂಕಿನ ಜೊತೆ ರೇಲ್ ಬಂತು. ಅದರ ಅಂದ ಏನು ಹೇಳಲಿ! ಗೇಣಿಗಿಂತ ಚಿಕ್ಕದಾದ ಅಲ್ಯೂಮಿನಿಯಂ ಪಟ್ಟಿ, ಮೇಲೆ ಹಲ್ಲು ಜೋಡಿಸಿದಂತೆ ಸಾಲು ಸಾಲು ಗೀರು. ಬಂದೂಕಿನ ಬೆನ್ನ ಮೇಲೆ ಒಂದೇ ಸಲಕ್ಕೆ ಕೂತಿತು. ಆದರೆ ಗುಂಡು ಮೊದಲು ಎಲ್ಲಿ ಬೀಳುತ್ತಿತ್ತೋ ಅಲ್ಲೇ ಬಿತ್ತು. ಹತ್ತು ಹೊಡೆದಳು. ಹತ್ತೂ ಎರಡು ಬೆರಳು ಕೆಳಗೆ.

ಆಟೋದಲ್ಲಿ ಮನೆಗೆ ಬರುವಾಗ ಅವಳು ಅತ್ತಳು. ಗುರಿಗಾಗಿ ಅಲ್ಲ. "ಅಣ್ಣನ ಕೈ ಹೋಗಿದೆ ಕಣ್ರೀ. ಅವನಿಗೆ ಹೇಳ್ಬೇಡಿ. ಚೆನ್ನಾಗಿ ಬಂತು ಅಂತ ನಾನು ಫೋನ್ ಮಾಡ್ತೀನಿ" ಎಂದಳು. ಮಾಡಿಯೂ ಮಾಡಿದಳು. ಕ್ಲಬ್ಬಿನ ಸ್ಪರ್ಧೆಗೆ ಹದಿನೈದು ದಿನ ಉಳಿದಿತ್ತು. ಅವಳು ಮೇಲಿನ ಸಾಲಿನ ವೃತ್ತಕ್ಕೆ ಗುರಿಯಿಟ್ಟು ಕೆಳಗಿನ ಸಾಲಿನದಕ್ಕೆ ಹೊಡೆಯುವ ಅಭ್ಯಾಸ ಶುರು ಮಾಡಿದಳು. ಎಲ್ಲಕ್ಕಿಂತ ಮೇಲಿನ ಸಾಲಿಗೆ ಹೊಡೆಯಬೇಕಾದಾಗ ಖಾಲಿ ರಟ್ಟನ್ನು ನೋಡುತ್ತಿದ್ದಳು. ಕೋಚ್ ತಲೆ ಚಚ್ಚಿಕೊಂಡರು. ಅಣ್ಣನಿಗೆ ನೋವಾಗದಿರಲಿ ಎಂದು ತಂಗಿ ಬರಿಯ ಬಿಳಿ ರಟ್ಟಿಗೆ ಗುರಿಯಿಡುವುದನ್ನು ಬಾಗಿಲಲ್ಲಿ ನಿಂತು ನಾನು ನೋಡುತ್ತಿದ್ದೆ.

ಮಾಡಲು ಬೇರೆ ಕೆಲಸವಿಲ್ಲದೆ ಒಂದು ಮಧ್ಯಾಹ್ನ ನಾನು ಆ ರೇಲನ್ನು ಬಿಚ್ಚಿ, ಗೃಹಪ್ರವೇಶದ ವರ್ನಿಯರನ್ನು ಮೊದಲ ಸಲ ಡಬ್ಬದಿಂದ ತೆಗೆದು ಅಳೆದೆ. ಹಿಂದೆ ಎಷ್ಟಿತ್ತೋ ಮುಂದೂ ಅಷ್ಟೇ. ನನ್ನ ಅಳತೆ ಅಲ್ಲವೇ, ನಂಬಲಿಲ್ಲ. ಹತ್ತು ಕಡೆ ಅಳೆದೆ, ಹತ್ತೂ ಒಂದೇ. ಊಟದ ಮೇಜಿನ ಗಾಜಿನ ಮೇಲಿಟ್ಟು ಅದರ ಅಡಿಗೆ ಬಸ್ ಟಿಕೆಟ್ ತೂರಿಸಲು ನೋಡಿದೆ, ಎಲ್ಲೂ ತೂರಲಿಲ್ಲ. ಆಗ ನನ್ನ ಮಂದ ತಲೆಯಲ್ಲೂ ಏನೋ ಹೊಳೆಯಿತು. ಕೈ ನಡುಗಿ ಕೆಟ್ಟ ಕೆಲಸ ಅಂಕುಡೊಂಕಾಗಿ ಕೆಡುತ್ತದೆ. ಇಷ್ಟು ಅಚ್ಚುಕಟ್ಟಾಗಿ ತಪ್ಪಬೇಕಾದರೆ ಕೈ ನೆಟ್ಟಗಿರಬೇಕು. ಭಾವನ ಕೈ ಹೋಗಿರಲಿಲ್ಲ. ನಕಾಶೆಯ ಓರೆಯನ್ನು ಅವರು ಬೇಕೆಂದೇ ತಿದ್ದಿಬಿಟ್ಟಿದ್ದರು!

ತಿಳಿದದ್ದೇನೋ ಸರಿ, ಹೇಳುವುದು ಹೇಗೆ? ನಲವತ್ತು ವರ್ಷ ಕಬ್ಬಿಣಕ್ಕೆ ಬುದ್ಧಿ ಹೇಳಿದವರಿಗೆ, ಮೊಳೆ ಹೊಡೆದರೆ ಹೆಬ್ಬೆರಳಿಗೆ ಹೊಡೆದುಕೊಳ್ಳುವ ನಾನು ಬುದ್ಧಿ ಹೇಳಬೇಕಲ್ಲ. ವನಜಳಿಗೆ ಹೇಳದೆ ಬಂದೂಕಿನ ಚೀಲ ಬಗಲಿಗೆ ಹಾಕಿಕೊಂಡು ಬಸ್ಸು ಹತ್ತಿದೆ. ಮಲವಗೊಪ್ಪ ದಾಟುವ ಹೊತ್ತಿಗೆ ಮೂರು ಪೀಠಿಕೆ ಸಿದ್ಧವಾಗಿದ್ದವು. ಭದ್ರಾವತಿಯಲ್ಲಿ ಇಳಿಯುವಾಗ ಮೂರೂ ಮರೆತುಹೋಗಿದ್ದವು.

ಶೆಡ್ಡಿನಲ್ಲಿ ಭಾವ ಲೇಥಿಗೆ ಎಣ್ಣೆ ಒರೆಸುತ್ತಿದ್ದರು. ನಾನು ಸ್ಟೂಲಿನ ಮೇಲೆ ಕೂತು, ಇದುವರೆಗೆ ಹೆಂಡತಿಗೂ ಹೇಳದಿದ್ದ ಒಂದು ತಪ್ಪನ್ನು ಒಪ್ಪಿಕೊಂಡೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮ್ಮ ಸ್ಟಾಫ್ ರೂಮಿನಲ್ಲಿ ಭೂಮಿಯ ಗ್ಲೋಬು ಒಂದು ಇತ್ತು. ಅದು ಒಂದು ಕಡೆಗೆ ವಾಲಿಕೊಂಡಿತ್ತು. ಯಾರೋ ಬೀಳಿಸಿದ್ದಾರೆ ಪಾಪ ಎಂದು ನಾನು ಬಾಗಿಲು ಹಾಕಿಕೊಂಡು, ಮೇಜಿಗೆ ಒತ್ತಿ ಹಿಡಿದು, ಅದರ ಕಡ್ಡಿಯನ್ನು ಬಗ್ಗಿಸಿ ಭೂಮಿಯನ್ನು ನೆಟ್ಟಗೆ ನಿಲ್ಲಿಸಿದೆ. ರಜೆ ಮುಗಿಸಿ ಬಂದ ಭೂಗೋಳದ ಮೇಷ್ಟ್ರು ಅದನ್ನು ಕಂಡು, ಮಳೆಗಾಲ ಬೇಸಿಗೆ ಎರಡನ್ನೂ ರದ್ದು ಮಾಡಿದ ಮಹಾನುಭಾವ ಯಾರು ಎಂದು ಒಂದು ವಾರ ಹುಡುಕಿದರು. ಅವರ ಜೊತೆ ನಾನೂ ಹುಡುಕಿದೆ.

ಭಾವ ನಗಲಿಲ್ಲ. ಎಣ್ಣೆ ಬಟ್ಟೆಯನ್ನು ಮಡಿಸಿಟ್ಟು, "ರೇಲು ಸರಿ ಬಂದಿಲ್ಲ, ಅಲ್ವಾ?" ಎಂದರು.

ಬಂದಿಲ್ಲ ಎಂದೆ. ವನಜ ಬಿಳಿ ರಟ್ಟಿಗೆ ಗುರಿಯಿಡುವುದನ್ನೂ, ಆಟೋದಲ್ಲಿ ಅತ್ತದ್ದನ್ನೂ ಹೇಳಿಬಿಟ್ಟೆ. ಕೊಳವೆ ತಲೆ ತಗ್ಗಿಸಿದ ಕಥೆಯನ್ನೂ ಹೇಳಿದೆ. ನಾನು ಹೇಗೆ ಹೇಳಿದೆನೋ ದೇವರೇ ಬಲ್ಲ, ಭಾವನಿಗೆ ಅರ್ಥವಾಯಿತು. ಬಂದೂಕನ್ನು ಮೇಜಿನ ಇಕ್ಕಳದಂಥ ವೈಸಿಗೆ ಕಟ್ಟಿ, ಕೊಳವೆಯ ಮೇಲೆ ಉಕ್ಕಿನ ಪಟ್ಟಿ ಇಟ್ಟು ಪೊರೆ ತೆಗೆಸಿದ ಕಣ್ಣಿನಿಂದ ಬಹಳ ಹೊತ್ತು ನೋಡಿದರು. ಆಮೇಲೆ ಗೋಡೆಗೆ ಸಿಕ್ಕಿಸಿದ್ದ ನನ್ನ ದುಂಡು ಅಕ್ಷರದ ಹಾಳೆಯ ಕಡೆ ಕೈ ತೋರಿಸಿದರು.

"ನಿಮ್ಮ ಕೈಬರಹ ಕಂಡೆ ನೋಡಿ ಮೇಷ್ಟ್ರೇ. ಎರಡು ಕೊನೇಲೂ ಬೇರೆ ಬೇರೆ ಅಳತೆ. ಅಯ್ಯೋ, ಮೇಷ್ಟ್ರು ನಕಲು ಹೊಡೆಯೋವಾಗ ತಪ್ಪಿದ್ದಾರೆ, ಹೇಳಿದ್ರೆ ಬೇಜಾರಾಗ್ತಾರೆ ಅಂತ ನಾನೇ ಸುಮ್ಮನೆ ಸರಿ ಮಾಡ್ದೆ."

ಅಂದರೆ ಅಣ್ಣನ ಮನಸ್ಸು ನೋಯದಿರಲಿ ಎಂದು ತಂಗಿ ಸುಮ್ಮನಿದ್ದಳು, ನನ್ನ ಮನಸ್ಸು ನೋಯದಿರಲಿ ಎಂದು ಅಣ್ಣ ಸುಮ್ಮನಿದ್ದರು. ಇಷ್ಟು ಒಳ್ಳೆಯ ಜನರ ನಡುವೆ ಒಂದು ಗುಂಡು ತಾನೇ ಹೇಗೆ ಸರಿಯಾದ ಜಾಗಕ್ಕೆ ಬೀಳಬೇಕು ಹೇಳಿ.

ಹಳೆಯ ರೇಲನ್ನೇ ಓರೆ ಕೊರೆಯಬಹುದಲ್ಲ ಎಂದೆ. ಅದನ್ನು ಮುಟ್ಟುವುದಿಲ್ಲ ಎಂದುಬಿಟ್ಟರು ಭಾವ. ಹೊಸ ಅಲ್ಯೂಮಿನಿಯಂ ತುಂಡು ತೆಗೆದರು. ಕಬ್ಬಿಣ ಕೊಯ್ಯುವ ಒಂದು ಹಳೆಯ ಹ್ಯಾಕ್ಸಾ ಬ್ಲೇಡನ್ನು ಹಲ್ಲು ಉಜ್ಜಿ ತೆಗೆದು, ಪಟಕ್ಕನೆ ಮುರಿದು, ಆ ಚೂರನ್ನು ಮಿಲ್ಲಿಂಗ್ ಮಷೀನಿನ ವೈಸಿನಲ್ಲಿ ತುಂಡಿನ ಮುಂದಿನ ಕೊನೆಯ ಅಡಿಗೆ ಇಟ್ಟರು. ಬೇಕಾದ ಓರೆ ಸರಿಸುಮಾರು ಆ ಬ್ಲೇಡಿನ ದಪ್ಪದಷ್ಟೇ ಇತ್ತು. ನನಗೆ ಮತ್ತೆ ದಿಗಿಲಾಯಿತು. ಹಿಂದೆ ತಾನೇ ಎತ್ತರ ಬೇಕಾದದ್ದು, ಮುಂದೆ ಎತ್ತುತ್ತಿದ್ದೀರಲ್ಲ ಎಂದೆ. ಎತ್ತಿದ ಕಡೆ ಹೆಚ್ಚು ಕೊರೆಯುತ್ತದೆ, ಕೊರೆದ ಕಡೆ ತೆಳುವಾಗುತ್ತದೆ, ಉಳಿದ ಕಡೆ ದಪ್ಪ ಉಳಿಯುತ್ತದೆ ಎಂದರು. ಗುಂಡು ಮೇಲೇರಲು ದುರ್ಬೀನು ಕೆಳಗೆ ನೋಡಬೇಕು, ಕೆಳಗೆ ನೋಡಲು ಹಿಂದೆ ಎತ್ತಬೇಕು, ಹಿಂದೆ ಎತ್ತಲು ಮುಂದೆ ಎತ್ತಬೇಕು. ನಾನು ಕೈಮುಗಿದು ಸ್ಟೂಲಿನ ಮೇಲೆ ಕೂತೆ.

ವನಜಳ ಅತ್ತಿಗೆ ತಂದ ಕಾಫಿಯ ಲೋಟ ಭಾವನ ಕೈಯಲ್ಲಿ ಎಂದಿನಂತೆ ನಡುಗಿತು, ಪಂಚೆಯ ಮೇಲೆ ಎರಡು ಹನಿ ಬಿತ್ತು. ಅದೇ ಕೈ ಮಷೀನಿನ ಚಕ್ರದ ಮೇಲೆ ಬಂದಾಗ ನಡುಕ ಇರಲಿಲ್ಲ. ಎಲ್ಲಿ ಹೋಯಿತೋ ನನಗೆ ತಿಳಿಯದು. ಎದ್ದು ಹತ್ತಿರ ಹೋಗಿ ನೋಡಿದೆ, ನಿಜವಾಗಿಯೂ ಇರಲಿಲ್ಲ.

ಅಂದೇ ಬಂದೂಕು ವಾಪಸು ತಂದು ವನಜಳಿಗೆ ವಿಷಯ ಹೇಳಿದೆ. ಎರಡು ದಿನ ಬಿಟ್ಟು ಭಾವ ತಾವೇ ರೇಲ್ ತೆಗೆದುಕೊಂಡು ಶಿವಮೊಗ್ಗಕ್ಕೆ ಬಂದರು. ಕ್ಲಬ್ಬಿನಲ್ಲಿ ಬಂದೂಕಿಗೆ ಅದನ್ನು ಕೂರಿಸಿ, ದುರ್ಬೀನು ಬಿಗಿದು, ಪಕ್ಕದಿಂದ ಒಮ್ಮೆ ನೋಡಿ ಮುಖ ಸಿಂಡರಿಸಿಕೊಂಡರು. ವನಜ ಅಣ್ಣನ ಮುಖ ನೋಡಲಾರದೆ ದುರ್ಬೀನಿಗೆ ಕಣ್ಣಿಟ್ಟಳು. ನಾನು ಚಪ್ಪಲಿಗಳ ಬಳಿ ಉಸಿರು ಬಿಗಿಹಿಡಿದೆ. ಐದು ಗುಂಡು ಹೊಡೆದಳು. ಕೋಚ್ ಹೋಗಿ ರಟ್ಟು ತಂದರು. ಐದೂ ವೃತ್ತದ ನಡುವೆ ಒಂದೇ ತೂತಿನಂತೆ ಸೇರಿಕೊಂಡಿದ್ದವು.

ಭಾವ ರಟ್ಟನ್ನು ನೋಡಿದರು, ಬಂದೂಕನ್ನು ನೋಡಿದರು. "ಸರಿ ಇದೆ. ಆದ್ರೂ ಓರೆ" ಎಂದರು.

ಸ್ಪರ್ಧೆಯಲ್ಲಿ ವನಜ ನಾಲ್ಕನೆಯವಳಾದಳು. ಮೂರನೆಯವರಿಗೂ ಅವಳಿಗೂ ಎಷ್ಟು ಅಂತರ ಎಂದು ಅವಳು ವಿವರಿಸಿದ್ದಾಳೆ, ನನಗೆ ಅರ್ಥವಾಗಿಲ್ಲ. ಮಷೀನು ನೋಡಲು ಆ ಮನುಷ್ಯ ಮೂರನೆಯ ಸಲ ಬಂದಾಗ, ತಂಗಿಯ ಬಂದೂಕಿನ ಕೆಲಸ ಇನ್ನೂ ಬಾಕಿ ಇದೆ ಎಂದು ಹೇಳಿ ಭಾವ ಬಾಗಿಲಿಂದಲೇ ಕಳಿಸಿದರಂತೆ. ನೆಟ್ಟಗಿನ ರೇಲ್ ನನ್ನ ಬರೆಯುವ ಮೇಜಿನ ಮೇಲಿದೆ, ಗೆರೆ ಎಳೆಯಲು ಅಡ್ಡಿಯಿಲ್ಲ.

ಹೊಸ ರೇಲ್ ಕೂರಿಸಿದ ಆ ದಿನ ಕ್ಲಬ್ಬಿನಿಂದ ಎಲ್ಲರೂ ನಮ್ಮ ಮನೆಗೇ ಬಂದೆವು. ವನಜ ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದಳು. ಭಾವ ಎಂದಿನಂತೆ ನೇರ ಮದುವೆ ಫೋಟೋದ ಹತ್ತಿರ ಹೋಗಿ ರಟ್ಟಿಗೆ ಕೈ ಹಾಕಿದವರು ಹಾಗೇ ನಿಂತರು. ಇಷ್ಟು ವರ್ಷಗಳಲ್ಲಿ ಮೊದಲ ಸಲ ಅಡುಗೆಮನೆಯ ಕಡೆ ತಿರುಗಿ ಕೇಳಿದರು.

"ವನಜಾ, ಇದು ಹೀಗೇ ಇರ್ಬೇಕಾ?"

ಅವಳು ಸೌಟು ಹಿಡಿದೇ ಹೊರಗೆ ಬಂದಳು. "ಹೂಂ ಅಣ್ಣ. ನೆಟ್ಟಗಿಟ್ರೆ ಟ್ಯೂಬ್‌ಲೈಟು ಗಾಜಿನ ಮೇಲೆ ಬಿದ್ದು ಇವರ ಮುಖಾನೇ ಕಾಣ್ಸಲ್ಲ. ಅದಕ್ಕೇ ನಾನೇ ರಟ್ಟು ಸಿಕ್ಸೋದು."

ನಾನು ಫೋಟೋ ನೋಡಿದೆ. ಮೀಸೆಯ ಹುಡುಗನೊಬ್ಬ, ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಅವಳ ಪಕ್ಕದಲ್ಲಿ ನಿಂತಿದ್ದ. ಮುಖ ಸ್ಪಷ್ಟವಾಗಿ ಕಾಣುತ್ತಿತ್ತು. ಭಾವ ರಟ್ಟನ್ನು ಕೀಳಲಿಲ್ಲ, ಬೆರಳಿನಿಂದ ಇನ್ನೊಂದು ಚೂರು ಒಳಗೆ ತಳ್ಳಿ ಕಾಫಿಗೆ ಬಂದು ಕೂತರು.