ಅಪ್ಪಯ್ಯ ಸಹಿ ಹಾಕಲಿಲ್ಲ

ಮಲ್ಪೆಯ ಅಪ್ಪಯ್ಯನಿಗೆ ಆ ಹಡಗನ್ನು ಕಂಡ ಮೊದಲ ದಿನವೇ ಸಿಟ್ಟು ಬಂದಿತ್ತು. ನದಿಯಲ್ಲಿ ತಿರುಗಾಡಲೆಂದು ಕಟ್ಟಿದ ಮೂರಂತಸ್ತಿನ ಹಬೆ ಹಡಗು. ಹಿಂಬದಿಯಲ್ಲಿ ಎರಡಾಳೆತ್ತರದ ಕೆಂಪು ಚಕ್ರ. ಅದರ ಹಲಗೆಗಳು ನೀರು ಹೊಡೆದರೆ ಮಾತ್ರ ಹಡಗಿಗೆ ನಡೆ. ಒಂದು ನದಿಯೂ ಇಲ್ಲದ ಕತಾರಿಗೆ ಅದನ್ನು ಕೊಂಡು ತಂದ ಕಂಪನಿ, ವೆಸ್ಟ್ ಬೇ ಎಂಬ ಕಡಲತೀರದ ಮುಂದೆ ಪ್ರವಾಸಿಗರನ್ನು ಸುತ್ತಾಡಿಸುತ್ತಿತ್ತು. ಅಲ್ಲಿನ ಹಮದ್ ಬಂದರಿನಲ್ಲಿ ಆರು ವರ್ಷ ಎಂಜಿನ್ ರಿಪೇರಿ ಮಾಡಿದ್ದ ಅಪ್ಪಯ್ಯ ಅದರ ಫೋರ್‌ಮನ್. ಬೈಯುತ್ತಲೇ ಗ್ರೀಸ್ ಹಚ್ಚುತ್ತಿದ್ದ. ಒಂದು ಬೋಲ್ಟನ್ನೂ ಸಡಿಲ ಬಿಟ್ಟವನಲ್ಲ.

ಕಳೆದ ಫೆಬ್ರವರಿಯ ಒಂದು ಮಧ್ಯಾಹ್ನ ಹರಿದ ಮೀನುಬಲೆಯೊಂದು ಚಕ್ರಕ್ಕೆ ಸುತ್ತಿಕೊಂಡಿತು. ಹಡಗನ್ನು ದಕ್ಕೆಗೆ ಕಟ್ಟಿ, ಹಬೆಯ ವಾಲ್ವಿಗೆ ಬೀಗ ಜಡಿದು, ಅಪ್ಪಯ್ಯ ಉಳ್ಳಾಲದ ಫಿಟ್ಟರ್ ಉಮರನನ್ನು ಚಕ್ರದೊಳಗೆ ಇಳಿಸಿದ. ತಾನು ಹೊರಗೆ ನಿಂತು ಬಲೆ ಎಳೆಯತೊಡಗಿದ.

ಮ್ಯಾನೇಜರ್ ಸುಶಾಂತ್ ಮೇಲಿಂದ ಕೂಗಿದ: "ಅಪ್ಪಯ್ಯಣ್ಣ, ಗೆಸ್ಟ್ ಎಲ್ಲ ಬಂದಾಯ್ತು. ಯಲ್ಲಾ, ಬೇಗ ಬೇಗ ವೀಲ್ ತಿರುಗಿಸಿ, ಅವರಿಗೆ ಫೋಟೋ ತೆಗೀಬೇಕಂತೆ."

"ಒಳಗೆ ಜನ ಉಂಟು ಮಾರಾಯ! ಅರ್ಧ ಗಂಟೆ ಬೇಕು."

ಹತ್ತು ನಿಮಿಷವೂ ಆಗಿರಲಿಲ್ಲ, ಚಕ್ರ ನರಳಿ ಅಲುಗಿತು. ಉಮರ್ ಚೀರಿದ. ಕಾಲು ಸುತ್ತು ತಿರುಗಿದ್ದೇ ಉಳಿದ ಬಲೆ ಬಿಗಿದು ಚಕ್ರ ನಿಂತಿತು. ಅದರಿಂದಲೇ ಜೀವ ಉಳಿಯಿತು. ಭುಜ ಮಾತ್ರ ಹಲಗೆಗಳ ನಡುವೆ ಸಿಕ್ಕಿ ಮುರಿದಿತ್ತು.

ಉಮರನನ್ನು ಹೊರಗೆಳೆದು ಮಲಗಿಸಿ ಅಪ್ಪಯ್ಯ ಎಂಜಿನ್ ಕೋಣೆಗೆ ಓಡಿದ. ಅಲ್ಲಿ ವಾಲ್ವಿನ ಬೀಗ ತುಂಡಾಗಿ ಬಿದ್ದಿತ್ತು. ಸುಶಾಂತನ ಕೈಯಲ್ಲಿ ಕಟ್ಟರ್.

"ಕೆಲಸ ಮುಗೀತು ಅಂದ್ಕೊಂಡೆ..."

"ಬೀಗ ಹಾಕಿದವನ ಹತ್ರ ಕೇಳ್ಲಿಕ್ಕೆ ನಿನಗೆ ಬಾಯಿ ಇರ್ಲಿಲ್ವಾ?" ಅಪ್ಪಯ್ಯನ ಕೈ ಅವನ ಕಾಲರಿನವರೆಗೆ ಹೋಗಿ ಹಿಂದೆ ಬಂತು.

ಆಂಬುಲೆನ್ಸ್ ಹೋದ ಮೇಲೆ ಸುಶಾಂತ್ ಕಾಗದವೊಂದನ್ನು ಚಾಚಿದ. ಉಮರ್ ಯಾರಿಗೂ ಹೇಳದೆ ಚಕ್ರಕ್ಕೆ ಇಳಿದನೆಂದು ಅದರಲ್ಲಿ ಬರೆದಿತ್ತು. "ಒಂದು ಸೈನ್ ಹಾಕಿ ಅಣ್ಣ, ಖಲಾಸ್."

ಅಪ್ಪಯ್ಯ ಅದನ್ನು ಹರಿದು ಎಸೆದ. ಗ್ರೀಸ್ ಮೆತ್ತಿದ ಬಟ್ಟೆಯಲ್ಲೇ ಮೇಲಂತಸ್ತಿಗೆ ಹತ್ತಿ, ಜ್ಯೂಸ್ ಹಿಡಿದು ನಿಂತಿದ್ದ ಅತಿಥಿಗಳ ನಡುವೆ ಹರಕು ಇಂಗ್ಲಿಷಿನಲ್ಲಿ ಕೂಗಿ ಹೇಳಿದ: ಕೆಳಗೆ ಒಬ್ಬನ ಭುಜ ಮುರಿದಿದೆ, ಈ ಹಡಗು ಇವತ್ತು ಹೊರಡುವುದಿಲ್ಲ. ಒಬ್ಬೊಬ್ಬರಾಗಿ ಎಲ್ಲರೂ ಇಳಿದು ಹೋದರು.

ಮರುವಾರವೇ ಕಂಪನಿ ಅವನನ್ನು ಕೆಲಸದಿಂದ ತೆಗೆಯಿತು. ಆದರೆ ತನಿಖೆಗೆ ಬಂದವರ ಮುಂದೆ ಅವನು ಕಂಡದ್ದನ್ನು ಕಂಡಂತೆ ಹೇಳಿದ. ಸುಶಾಂತ್ ಕೆಲಸ ಕಳೆದುಕೊಂಡ, ಉಮರನ ಚಿಕಿತ್ಸೆ ಕಂಪನಿಯ ಹೆಗಲಿಗೇ ಬಿತ್ತು. ಅಪ್ಪಯ್ಯನಿಗೆ ಬಂದರಿನ ಹಳೆಯ ಕೆಲಸ ಮತ್ತೆ ಸಿಕ್ಕಿತು. ಸಿಟ್ಟು ಮಾತ್ರ ಇಳಿಯಲಿಲ್ಲ.

ಈಗ ಪ್ರತಿ ಶುಕ್ರವಾರ ಅವನು ಉಮರನ ಕೋಣೆಗೆ ಹೋಗುತ್ತಾನೆ.

"ಬಿಡಿ ಅಪ್ಪಯ್ಯಣ್ಣ, ಜೀವ ಉಂಟಲ್ಲ" ಎಂದು ಉಮರ್ ನಗುತ್ತಾನೆ.

"ಎಂತ ಬಿಡುವುದು? ಆ ಕೈ ಎತ್ತು ನೋಡುವ!"

ಕೈ ಎದೆಯವರೆಗೆ ಏರಿ ನಿಲ್ಲುತ್ತದೆ. ಅಪ್ಪಯ್ಯ ಹಲ್ಲು ಕಚ್ಚಿ ಅಂಗಿಯ ತೋಳನ್ನು ಅಗಲಿಸಿ ಹಿಡಿಯುತ್ತಾನೆ. ಉಮರ್ ಮೆಲ್ಲನೆ ಅದರೊಳಗೆ ಕೈ ತೂರಿಸುತ್ತಾನೆ.