ಗಾಡಿ ಯಾರ ಹೆಸರಲ್ಲಿದೆ

ನೋಟಿಸು ಬಂದದ್ದು ಹೊಳೆನರಸೀಪುರದ ಅಪ್ಪನ ಮನೆಗೆ, ನನ್ನ ಹೆಸರಿಗೆ. ನೋಂದಣಿ ಅವಧಿ ಮುಗಿದ ಬೈಕನ್ನು ಹಾಸನದ ರಸ್ತೆಯಲ್ಲಿ ಓಡಿಸಿದ್ದಕ್ಕೆ ನಾನು ದಂಡ ಕಟ್ಟಬೇಕಂತೆ. ನನಗೆ ಬೈಕು ಓಡಿಸಲು ಬರುವುದಿಲ್ಲ. ಸೈಕಲ್ಲೇ ನೆಟ್ಟಗೆ ಬರುವುದಿಲ್ಲ. ಅಪ್ಪ ಆ ಕವರನ್ನು ತಾಲ್ಲೂಕು ಆಫೀಸಿನ ಎದುರಿನ ನನ್ನ ಜೆರಾಕ್ಸ್ ಅಂಗಡಿಗೆ ತಂದು, ಏನೋ ಸರ್ಕಾರದ್ದು ಬಂದದೆ ನೋಡವ್ವ ಎಂದು ಕೊಟ್ಟ.

ಜೊತೆಗೆ ಕ್ಯಾಮೆರಾ ತೆಗೆದ ಫೋಟೋ ಇತ್ತು. ತಲೆಗೆ ಹೆಲ್ಮೆಟ್ಟು, ಹಿಂದಿನ ಸೀಟಿಗೆ ಬಿಗಿದ ಹಿಂಡಿ ಚೀಲ. ಮುಖ ಕಾಣುತ್ತಿರಲಿಲ್ಲ, ಕಾಣಬೇಕಾಗಿಯೂ ಇರಲಿಲ್ಲ. ಎಡಭುಜ ಇಳಿಬಿಟ್ಟು, ರಸ್ತೆಯೆಲ್ಲ ತನ್ನಪ್ಪನದು ಎನ್ನುವ ಹಾಗೆ ಕಾಲಗಲಿಸಿ ಕೂರುವವನು ನನಗೆ ಗೊತ್ತಿರುವಂತೆ ಒಬ್ಬನೇ. ನನ್ನ ಗಂಡನಾಗಿದ್ದವನು. ನನಗೂ ಅವನಿಗೂ ಬಿಡುಗಡೆಯಾಗಿ ಎಷ್ಟೋ ವರ್ಷವಾಗಿತ್ತು. ಅವನು ಅರಕಲಗೂಡಿನ ಕಡೆಯಿಂದ ಇನ್ನೊಬ್ಬಳನ್ನು ತಂದುಕೊಂಡೂ ಆಗಿತ್ತು. ಆದರೆ ಓಡಾಟಕ್ಕೆ ಮಾತ್ರ ನನ್ನ ಗಾಡಿಯೇ ಬೇಕಾಗಿತ್ತು.

ಅದು ನನ್ನ ಹೆಸರಿನಲ್ಲಿ ಯಾಕಿತ್ತು ಎಂಬುದನ್ನು ಹೇಳಬೇಕು. ಮದುವೆ ಮಾತುಕತೆಯಲ್ಲಿ ಹುಡುಗನಿಗೆ ಒಂದು ಬೈಕು ಎಂದು ಗೊತ್ತಾಯಿತು. ಚನ್ನರಾಯಪಟ್ಟಣ ತಾಲ್ಲೂಕು, ದಂಡಿಗನಹಳ್ಳಿ ಕಡೆಯ ಮನೆತನ. ಹುಡುಗನ ಅಪ್ಪ ಬಲು ಲೆಕ್ಕಾಚಾರದ ಮನುಷ್ಯ. ಎಲೆ ಅಡಿಕೆ ಹಾಕಿಕೊಳ್ಳುತ್ತಲೇ, "ನಮ್ಮುಡುಗನ್ ಎಸ್ರಿಗೆ ಬ್ಯಾಡಿ. ನಾಳೆ ಯಾವನಾರ ವರದಕ್ಷಿಣೆ ಇಸ್ಕಂಡ್ರು ಅಂದಾನು. ಉಡುಗಿ ಎಸ್ರಲ್ಲೇ ಇರ್ಲಿ, ಓಡ್ಸದು ಎಂಗಿದ್ರೂ ಇವ್ನೇ ತಾನೆ?" ಎಂದ. ನಮ್ಮ ಕಡೆಯವರೆಲ್ಲ ಭಲೇ ಯಜಮಾನರೇ ಎಂದು ತಲೆದೂಗಿದರು. ಹಾಗೆ ಗಾಡಿ ನನ್ನ ಹೆಸರಿಗೆ, ಅಪ್ಪನ ಮನೆಯ ವಿಳಾಸಕ್ಕೆ ನೋಂದಣಿಯಾಯಿತು. ಕೀ ಅವನ ಕೈಗೆ ಹೋಯಿತು. ಒಂದು ದಿನ, ನನಗೂ ಓಡಿಸುವುದನ್ನು ಕಲಿಸಿ ಎಂದು ಕೇಳಿದ್ದಕ್ಕೆ ಅತ್ತೆ ಮಾವನ ಮುಂದೆ ನಕ್ಕುಬಿಟ್ಟ. ಆ ನಗು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಬಾಳುವೆ ಯಾಕೆ ಕೆಟ್ಟಿತು ಎಂದು ಬರೆಯಲು ನನಗೆ ಮನಸ್ಸಿಲ್ಲ. ನನ್ನ ಬಾಯಿ ದೊಡ್ಡದು ಎಂದು ಅವರು ಹೇಳುತ್ತಾರೆ, ಅದು ಸುಳ್ಳಲ್ಲ. ಅವನ ಕೈ ಉದ್ದ ಎಂದು ನಾನು ಹೇಳುತ್ತೇನೆ, ಅದೂ ಸುಳ್ಳಲ್ಲ. ಮರೆಯಲಾಗದ್ದು ನ್ಯಾಯ ಸೇರಿಸಿದ ದಿನ. ನಮ್ಮ ಪಡಸಾಲೆಯಲ್ಲೇ ಎರಡೂ ಕಡೆಯ ಹಿರಿಯರು ಕೂತಿದ್ದರು. ಅವನು ಗೋಡೆಗೆ ಒರಗಿಕೊಂಡು, "ಇವ್ಳೇನ್ ತಂದಿದ್ಲು ನಮ್ಮನೆಗೆ? ಬರಿಗೈಲಿ ಬಂದ್ಲು, ಬರಿಗೈಲಿ ಓಗ್ಲಿ" ಎಂದ. ಆ ಮಾತಾಡುವಾಗ ಗಾಡಿ ನಮ್ಮ ಬಾಗಿಲ ಮುಂದೆಯೇ ನಿಂತಿತ್ತು. ಅಷ್ಟೂ ಜನ ಅದನ್ನು ದಾಟಿಕೊಂಡೇ ಒಳಗೆ ಬಂದಿದ್ದರು. ನಾನು ಅಪ್ಪನ ಮುಖ ನೋಡಿದೆ. ಅಪ್ಪ ಚಾಪೆಯ ಕಡ್ಡಿ ಕೀಳುತ್ತಾ ಕೂತಿದ್ದ. ನಾನೇ ಬಾಯಿ ತೆಗೆದೆ. ಹಿರಿಯರೊಬ್ಬರು, "ನೀ ಸುಮ್ಕಿರವ್ವ, ಕೊಟ್ಟದ್ ಕೊಟ್ಟಾಯ್ತು" ಎಂದು ಬಾಯಿ ಮುಚ್ಚಿಸಿದರು. ಅವನು ಎದ್ದುಹೋಗಿ ಗಾಡಿಗೆ ಒಂದೇ ಒದೆ ಕೊಟ್ಟು ಸ್ಟಾರ್ಟ್ ಮಾಡಿಕೊಂಡು ಹೊರಟುಹೋದ.

ಈಗ ಹೇಳಿ, ಆ ನೋಟಿಸು ನೋಡಿ ನನಗೆ ಏನಾಗಿರಬೇಕು? ಬೇರೆಯವರಿಗಾಗಿದ್ದರೆ ಹೊಟ್ಟೆ ಉರಿಯುತ್ತಿತ್ತು. ನನಗೆ ಹಬ್ಬವಾಯಿತು. ನೋಂದಣಿ ನವೀಕರಿಸಬೇಕಾದರೆ ನನ್ನ ಸಹಿ ಬೇಕು. ಸಹಿ ಬೇಕಾದರೆ ನಮ್ಮ ಬಾಗಿಲಿಗೆ ಬರಬೇಕು. ಬರಲು ಅವನಿಗೆ ಮುಖವಿಲ್ಲ, ಗಾಡಿ ಬಿಡಲು ಮನಸ್ಸಿಲ್ಲ. ಹಾಗೇ ಓಡಿಸಿಕೊಂಡಿದ್ದು ತಗಲಿಹಾಕಿಕೊಂಡಿದ್ದಾನೆ. ಬಾ ಮಗನೆ ಎಂದುಕೊಂಡೆ.

ಅಪ್ಪ ಮಾತ್ರ ಹೆದರಿದ. "ಕಟ್ಬುಟ್ಟು ತಣ್ಗಿರವ್ವ. ಸಗಣಿ ಮೇಲ್ ಕಲ್ಲಾಕುದ್ರೆ ನಮ್ ಮಕಕ್ಕೇ ಸಿಡೀತದೆ" ಎಂದ. ನಾನು ಕೇಳಲಿಲ್ಲ. ಊರವರಿಗೆಲ್ಲ ಅರ್ಜಿ ಬಡಿದುಕೊಡುವವಳು ನಾನು. ಜಮೀನಿನ ತಕರಾರು, ಪಿಂಚಣಿ, ಪಡಿತರ ಚೀಟಿ ಯಾವುದೂ ಬಿಟ್ಟಿಲ್ಲ. ಮೊದಲ ಸಲ ನನ್ನದೇ ಒಂದು ತಕರಾರು ಅರ್ಜಿಗೆ ಕೂತೆ. ಗಾಡಿ ನನ್ನದು, ನಾನು ಓಡಿಸಿಲ್ಲ, ಓಡಿಸಲು ಯಾರಿಗೂ ಒಪ್ಪಿಗೆ ಕೊಟ್ಟಿಲ್ಲ, ಫೋಟೋದಲ್ಲಿರುವವನು ಇಂಥವನು, ಅವನ ವಿಳಾಸ ಇದು, ಅವನನ್ನು ಕರೆಸಿ ಕೇಳಬೇಕು. ಅವನ ಹೆಸರನ್ನು ಟೈಪು ಮಾಡುವಾಗ ಒಂದೊಂದು ಅಕ್ಷರವನ್ನೂ ಕುಟ್ಟಿ ಕುಟ್ಟಿ ಹೊಡೆದೆ.

ಹಾಸನದ ಸಂಚಾರ ಠಾಣೆಯಲ್ಲಿದ್ದ ಹೆಡ್ ಕಾನ್‌ಸ್ಟೇಬಲ್ ಒಳ್ಳೆಯ ಮನುಷ್ಯ. "ಇಷ್ಟಕ್ಕೆಲ್ಲಾ ಕೋರ್ಟು ಯಾಕ್ ತಾಯಿ? ಓಡಾಟದ್ ಖರ್ಚೇ ದಂಡಕ್ಕಿಂತ ಜಾಸ್ತಿ ಆಯ್ತದೆ" ಎಂದ.

"ಆಗ್ಲಿ ಸಾ. ಕೋರ್ಟಿಗೇ ಕಳ್ಸಿ" ಎಂದೆ.

ಅವನು ನನ್ನ ಮುಖವನ್ನೊಮ್ಮೆ, ಅರ್ಜಿಯನ್ನೊಮ್ಮೆ ನೋಡಿದ. ಅರ್ಜಿ ಪೂರ್ತಿ ಓದಿದ ಮೇಲೆ ಮೀಸೆಯಲ್ಲೇ ನಕ್ಕು ಸೀಲು ಒತ್ತಿದ.

ಕೋರ್ಟಿನಿಂದ ನನ್ನ ಗಂಡನಾಗಿದ್ದವನಿಗೂ ಕರೆ ಹೋಯಿತು. ಆ ದಿನ ನಾನು ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು, ಹೂವು ಮುಡಿದು, ಅಪ್ಪನನ್ನು ಎಳೆದುಕೊಂಡು ಬೆಳಗಿನ ಬಸ್ಸು ಹತ್ತಿದೆ. ನೀನು ಬರಲೇಬೇಕು, ಬಾಯಿ ಬಿಡದಿದ್ದರೂ ಪರವಾಗಿಲ್ಲ, ಬಂದು ನೋಡು ಎಂದಿದ್ದೆ. ನನ್ನ ಹಳೇ ಗಂಡನೂ ಬಂದಿದ್ದ. ಅದೇ ಗಾಡಿಯಲ್ಲಿ! ನೋಂದಣಿ ಇಲ್ಲದ ಗಾಡಿ ಓಡಿಸಿದ ಕೇಸಿಗೆ ಅದೇ ಗಾಡಿ ಓಡಿಸಿಕೊಂಡು ಬಂದು ಕೋರ್ಟಿನ ಕಾಂಪೌಂಡಿನಲ್ಲಿ ನಿಲ್ಲಿಸಿದ್ದ. ಅಹಂಕಾರವೋ ಪೆದ್ದುತನವೋ ಆ ದೇವರೇ ಬಲ್ಲ. ಹೊಟ್ಟೆ ಬಂದಿತ್ತು, ತಲೆ ಮುಂದೆ ಬೋಳಾಗಿತ್ತು. ನೋಡಿ ನನಗೆ ಬಹಳ ಸಮಾಧಾನವಾಯಿತು.

ದಂಡದ ವಿಷಯ ತಾನೇ ಎಂದು ಅವನು ವಕೀಲರನ್ನೂ ಇಟ್ಟಿರಲಿಲ್ಲ. ನ್ಯಾಯಾಧೀಶರು ವಯಸ್ಸಾದವರು, ಮೆಲುದನಿ. ಫೋಟೋ ತೋರಿಸಿ, ಇದು ನೀನೇನಪ್ಪಾ ಎಂದರು. ಹೌದು ಸಾ ಎಂದ. ಗಾಡಿಯ ಮಾಲೀಕರು ತಾವು ಒಪ್ಪಿಗೆ ಕೊಟ್ಟಿಲ್ಲ ಎನ್ನುತ್ತಾರಲ್ಲ ಎಂದರು.

ಅವನು ಎದೆ ಸೆಟೆಸಿದ. "ಯಾರ್ ಒಪ್ಗೆ ಸಾ? ಗಾಡಿ ನಂದೇಯ. ಮದ್ವೇಲಿ ಮಾವನ್ ಮನೆಯೋರು ಕೊಟ್ಟಿದ್ದು. ಎಸ್ರು ಮಾತ್ರ ಅವಳ್ದು."

ನ್ಯಾಯಾಧೀಶರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. "ಮದುವೆಯಲ್ಲಿ ಏನಂತ ಕೊಟ್ಟರು?"

"ಎಲ್ರೂ ಕೊಡ್ತಾರಲ್ಲ ಸಾ, ಅಂಗೆ. ಮಾತಾಗಿತ್ತು."

"ಮಾತಾಗಿತ್ತಾ? ಅಂದರೆ ನೀವು ಕೇಳಿದ್ದಿರಿ, ಅವರು ಕೊಟ್ಟರು. ಬರೆದುಕೊಳ್ಳಲೇನು?"

ಮುಂದಿನ ಬೆಂಚಿನಲ್ಲಿ ತಮ್ಮ ಕೇಸಿಗೆ ಕಾಯುತ್ತಿದ್ದ ವಕೀಲರೊಬ್ಬರು ತಡೆಯಲಾರದೆ, "ಲೋ, ನಿನ್ ಹಳ್ಳ ನೀನೇ ತೋಡ್ಕೋತಿದೀಯಲ್ಲೋ" ಎಂದು ಪಿಸುಗುಟ್ಟಿದರು. ಪಿಸುಮಾತು ಇಡೀ ಹಾಲಿಗೆ ಕೇಳಿಸಿತು. ಅವನ ಮುಖ ಸುಣ್ಣ ಬಳಿದ ಹಾಗಾಯಿತು. ನನ್ನದು ಎಂದರೆ ವರದಕ್ಷಿಣೆ, ನನ್ನದಲ್ಲ ಎಂದರೆ ಕದ್ದದ್ದು. ಅಡಕತ್ತರಿಗೆ ಸಿಕ್ಕ ಅಡಿಕೆಗೂ ಆ ಕಡೆ ಈ ಕಡೆ ಜಾರಲು ಸ್ವಲ್ಪ ಜಾಗವಿರುತ್ತದೆ, ಅವನಿಗೆ ಅದೂ ಇರಲಿಲ್ಲ. ಅವನಪ್ಪನ ಜಾಣತನವೇ ಅವನನ್ನು ಅಲ್ಲಿ ನಿಲ್ಲಿಸಿತ್ತು. ಆ ಯಜಮಾನ ಬದುಕಿದ್ದು ಇದನ್ನು ನೋಡಬೇಕಿತ್ತು ಎಂದು ಎಷ್ಟು ಆಸೆಯಾಯಿತು ಗೊತ್ತೇ!

ಅಷ್ಟರಲ್ಲಿ ನ್ಯಾಯಾಧೀಶರು ಕಣ್ಣೆತ್ತಿ, "ಹುಡುಗಿ ತಂದೆ ಬಂದಿದ್ದಾರಾ?" ಎಂದರು. ವರದಕ್ಷಿಣೆ ಕೇಳಿದವನಿಗೆ ಶಿಕ್ಷೆಯಿದ್ದರೆ ಕೊಟ್ಟವನಿಗೂ ಇದೆ ಎಂಬುದು ನನಗೆ ಹೊಳೆದದ್ದೇ ಆವಾಗ. ಅಷ್ಟು ಅರ್ಜಿ ಬಡಿದವಳಿಗೆ ಇದೊಂದು ತಲೆಗೆ ಬಂದಿರಲಿಲ್ಲ, ಸಿಟ್ಟು ಕಣ್ಣು ಕಟ್ಟಿತ್ತು. ಅಪ್ಪ ಹಿಂದಿನ ಬೆಂಚಿನಿಂದ ಎದ್ದ. ಹೆಗಲ ಮೇಲಿನ ಟವಲನ್ನು ತೆಗೆದು ಕಂಕುಳಲ್ಲಿಟ್ಟುಕೊಂಡ.

"ಈ ಗಾಡಿಯನ್ನು ನೀವು ಯಾರಿಗೆ ಕೊಟ್ಟದ್ದು ಯಜಮಾನರೇ?"

"ನನ್ ಮಗಳಿಗೆ ಸ್ವಾಮಿ" ಎಂದ ಅಪ್ಪ. ದನಿ ಗಟ್ಟಿಯಾಗಿತ್ತು. "ಅಳಿಯಂಗಲ್ಲ. ಅವಳಿಗೇ ಕೊಟ್ಟಿದ್ದು, ಅವಳ ಎಸ್ರಲ್ಲೇ ಐತೆ, ನೋಡ್ಕಳಿ. ಈ ವಯ್ಯ ಕೇಳ್ದೇನೆ ಇಟ್ಕಂಡವ್ನೆ."

ಅವತ್ತು ಪಡಸಾಲೆಯಲ್ಲಿ ಯಾವ ಮಾತಿಗಾಗಿ ಅಪ್ಪನ ಮುಖ ನೋಡಿದ್ದೆನೋ ಅದೇ ಮಾತು. ನ್ಯಾಯಾಧೀಶರು ಮತ್ತೆ ಆ ಹಳೇ ಅಳಿಯನ ಕಡೆ ತಿರುಗಿ, "ಈಗ ಹೇಳಪ್ಪ, ಗಾಡಿ ಯಾರದು?" ಎಂದರು.

"ಅವ್ರದೇಯ ಸಾ" ಎಂದ. ಗಟ್ಟಿಯಾಗಿ ಹೇಳು ಎಂದರು. "ಗಾಡಿ ಅವ್ರದೇ. ನಾನ್ ಓಡಿಸ್ಕಂಡಿದ್ದೆ ಅಷ್ಟೆ."

ನನ್ನ ಮೇಲಿನ ದಂಡ ರದ್ದಾಯಿತು. ದಂಡ ಅವನ ಮೇಲೆ ಬಿತ್ತು. ಗಾಡಿಯನ್ನು ಅಲ್ಲೇ ನನಗೆ ಒಪ್ಪಿಸಬೇಕು, ನೋಂದಣಿ ನವೀಕರಿಸುವ ತನಕ ರಸ್ತೆಗೆ ಇಳಿಸಕೂಡದು ಎಂದಾಯಿತು. ಹೊರಗೆ ಬಂದ ಮೇಲೆ ಅವನು ಕೀ ಚಾಚುತ್ತಾ, "ಕೇಳಿದ್ರೆ ಕೊಡ್ತಿರ್ನಿಲ್ವಾ? ಇಷ್ಟೆಲ್ಲಾ ಯಾಕ್ ಬೇಕಿತ್ತು?" ಎಂದ.

"ಕೇಳಿ ಇಸ್ಕಳಕ್ಕೆ ಅದೇನ್ ನಿಮ್ಮಪ್ಪನ್ ಮನೆ ಗಾಡಿಯಾ?" ಎಂದೆ. ಅಲ್ಲಿದ್ದವರು ನಕ್ಕರು. ಅವನು ತಲೆ ತಗ್ಗಿಸಿಕೊಂಡು ಗೇಟಿನ ಕಡೆ ನಡೆದ. ಅವನ ಬೆನ್ನು ಕಾಣುವಷ್ಟು ಹೊತ್ತೂ ಕಣ್ತುಂಬ ನೋಡಿದೆ. ಯಾರೇನಾದರೂ ಅಂದುಕೊಳ್ಳಲಿ, ಸೇಡು ತೀರಿದರೆ ಹೊಟ್ಟೆ ತುಂಬುತ್ತದೆ.

ಗೂಡ್ಸ್ ಆಟೋ ಒಂದನ್ನು ಮಾತಾಡಿ ಗಾಡಿಯನ್ನು ಹಿಂದೆ ಹಗ್ಗ ಬಿಗಿದು ಹತ್ತಿಸಿ, ನಾನೂ ಅಪ್ಪನೂ ಡ್ರೈವರನ ಪಕ್ಕ ಒತ್ತಿಕೊಂಡು ಕೂತೆವು. ಹಾಸನ ದಾಟುವವರೆಗೂ ನನ್ನ ಬಾಯಿಗೆ ಬೀಗವಿರಲಿಲ್ಲ. ಅವನು ಹಾಗೆ ಬಿಳಿಚಿಕೊಂಡ, ಹೀಗೆ ತೊದಲಿದ ಎಂದು ಆಡಿದ್ದನ್ನೇ ಆಡಿದೆ. ಅಪ್ಪ ಹ್ಞೂಂ ಹ್ಞೂಂ ಎನ್ನುತ್ತಿದ್ದ.

"ನೀನು ಎದ್ದು ಹೇಳಿದೆಯಲ್ಲಪ್ಪ, ನನ್ ಮಗಳಿಗೆ ಕೊಟ್ಟಿದ್ದು ಅಂತ. ಅದೇ ನಂಗೆ ಸಾಕು ಕಣಪ್ಪ" ಎಂದೆ.

ಅಪ್ಪ ಮುಂದಿನ ರಸ್ತೆಯನ್ನೇ ನೋಡುತ್ತಿದ್ದ. ನಾನು ಅಲ್ಲಿಗೆ ಬಿಡಬೇಕಿತ್ತು. ಬಿಡುವ ಜಾಯಮಾನ ನನ್ನದಲ್ಲ. "ನನಗೋಸ್ಕರ ತಾನೆ ಹೇಳಿದ್ದು?" ಎಂದು ಕೇಳಿದೆ.

ಅಪ್ಪ ಟವಲಿನಿಂದ ಮುಖ ಒರೆಸಿಕೊಂಡ. ಅವನಿಗೆ ಸುಳ್ಳು ಹೇಳಲು ಬರುವುದಿಲ್ಲ. ಕೋರ್ಟಿನಲ್ಲಿ ಹೇಳಿದ ಒಂದಕ್ಕೇ ಸುಸ್ತಾಗಿದ್ದ. "ಇಲ್ಲ ಕಣವ್ವ. ಜೈಲಿಗಾಕ್ತಾರೆ ಅಂತ ಬಯ ಆಯ್ತು, ಅದ್ಕೇ ಅಂದ್ಬುಟ್ಟೆ" ಎಂದ. ಟವಲನ್ನು ಮಡಿಸಿಕೊಳ್ಳುತ್ತಾ, "ಅವತ್ ನ್ಯಾಯದಾಗೆ ಜೈಲಿನ್ ಬಯ ಇರ್ನಿಲ್ವಲ್ಲ" ಎಂದ.

ಆಟೋ ನಿಲ್ಲಿಸು ಎಂದು ಡ್ರೈವರನಿಗೆ ಹೇಳಿದೆ. ಅವನು ಏನೋ ಹಗ್ಗ ಸಡಿಲವಾಗಿದೆ ಎಂದುಕೊಂಡು ಬದಿಗೆ ನಿಲ್ಲಿಸಿದ.

"ಇಳಿಯಪ್ಪ. ಬಸ್ಸಲ್ಲಿ ಬಾ" ಎಂದೆ.

ಅಪ್ಪ ಟವಲನ್ನು ಹೆಗಲಿಗೆ ಹಾಕಿಕೊಂಡ. ಮೆಲ್ಲಗೆ ಒಂದು ಕಾಲು ಇಳಿಸಿ, ಬಾಗಿಲು ಹಿಡಿದುಕೊಂಡು ಇನ್ನೊಂದು ಕಾಲು ಇಳಿಸಿದ. "ನೀ ಓಗವ್ವ, ನಾ ಬತ್ತೀನಿ" ಎಂದ. ಊರಿಗೆ ಇನ್ನೂ ಅರ್ಧ ದಾರಿ ಇತ್ತು. ಅಲ್ಲಿ ಬಸ್ಸು ನಿಲ್ಲಿಸುವುದಿಲ್ಲ, ಮುಂದಿನ ಹಳ್ಳಿಯ ತನಕ ನಡೆಯಬೇಕು. ಅವನಿಗೆ ಮಂಡಿ ನೋವು. ನನಗೆ ಅದೆಲ್ಲ ಗೊತ್ತಿತ್ತು. ಗೊತ್ತಿದ್ದೇ ಇಳಿಸಿದ್ದು.