ಜೇನುಣ್ಣುವವನ ನಿಜನಾಮ

ಅಮೆರಿಕದ ವೆಸ್ಟ್ ವಿಂಡ್ಸರಿನ ನಮ್ಮ ಬೀದಿಯಲ್ಲಿ ಕಸದ ಡಬ್ಬಿ ಬೋರಲು ಬಿದ್ದರೆ ಅಪರಾಧಿ ಸಾಮಾನ್ಯವಾಗಿ ಗಾಳಿ, ಇಲ್ಲವೇ ನಾನು; ಮೊನ್ನೆ ಮಂಗಳವಾರ ಮಾತ್ರ ಆ ಕೀರ್ತಿ ದಾರಿತಪ್ಪಿ ಬಂದ ಕರಡಿಯೊಂದಕ್ಕೆ ಸಂದಿತು. ಬೇಲಿಯಾಚೆಯ ವೇರಾ, ಸ್ಲಾವಿಕ್ ಭಾಷೆಗಳನ್ನು ಕಲಿಸಿ ನಿವೃತ್ತರಾದವರು, ಚೆಲ್ಲಿದ ಕಸಕ್ಕಿಂತ ಕರಡಿಯ ಹೆಸರಿಗೇ ಹೆಚ್ಚು ಉತ್ಸಾಹಗೊಂಡು 'ಮೆದ್ವೇದಿ' ಎಂದರು. ರಷ್ಯನ್, ಪೋಲಿಷ್ ಮೊದಲಾದ ಭಾಷೆಗಳ ತಾಯಿಯಾದ ಆದಿಸ್ಲಾವಿಕ್ಕಿನ ಪದವಂತೆ. ಅದನ್ನು ಯಾರೂ ಬರೆದಿಟ್ಟಿಲ್ಲ. ಮೊಮ್ಮಕ್ಕಳ ಮುಖ ನೋಡಿ ಮುತ್ತಜ್ಜಿಯ ಮೂಗನ್ನು ಊಹಿಸುವಂತೆ ಪಂಡಿತರು ಪುನಾರಚಿಸಿ, ಇದು ಊಹೆ ಎಂಬುದರ ಗುರುತಾಗಿ ಮುಂದೊಂದು ನಕ್ಷತ್ರಚಿಹ್ನೆ ಇಟ್ಟಿದ್ದಾರೆ.

'ಮೆದು' ಎಂದರೆ ಜೇನು, ನಮ್ಮ ಮಧುವಿನ ಸೋದರಿ. 'ಏದ್' ಎಂದರೆ ತಿನ್ನು. ಎರಡೂ ಕೂಡುವಲ್ಲಿ ಉಕಾರ ವಕಾರವಾಗುತ್ತದೆ. ಮೈಸೂರಿನ ಶಾಲೆಯಲ್ಲಿ ಬೆತ್ತದ ನೆರವಿನಿಂದ ನನ್ನೊಳಗೆ ಇಳಿದಿದ್ದ ಯಣ್ ಸಂಧಿಯನ್ನು ಹಿಮದ ನಾಡಿನವರ ಬಾಯಲ್ಲಿ ಕಂಡು ರೋಮಾಂಚನವಾಯಿತು. ಕರಡಿಯ ನಿಜನಾಮ ಉಚ್ಚರಿಸಿದರೆ ಅದು ಬಂದೇಬಿಡುತ್ತದೆಂದು ಹೆದರಿ ಆ ಜನ 'ಜೇನುಣ್ಣುವವನು' ಎಂದರಂತೆ. ಕ್ರಮೇಣ ನಿಜನಾಮವೇ ಮರೆತುಹೋಯಿತಂತೆ.

ಭಯದಿಂದ ಇಷ್ಟು ಸಿಹಿಯಾದ ಮಾತು ಹುಟ್ಟಿಸಿದವರ ಮೇಲೆ ಗೌರವ ಉಕ್ಕಿತು. ನಾವೇನು ಕಡಿಮೆಯೇ? ನಮಗೆ ಹಾವು ಹುಳ, ಒಡೆದ ಬಳೆ 'ಹೆಚ್ಚಿತು'. ಹೆಸರು ಹಿಡಿದರೆ ಗಂಡನ ಆಯುಸ್ಸು ಕರಗುತ್ತದೆಂದು ನನ್ನ ಹೆಂಡತಿ ಶಾರದೆ ಮೂವತ್ತು ವರ್ಷಗಳಿಂದ ನನ್ನನ್ನು 'ರೀ' ಎಂಬ ಏಕಾಕ್ಷರದಲ್ಲಿ ಅಡಗಿಸಿಟ್ಟಿದ್ದಾಳೆ. ಅಮೆರಿಕದ ಫಾರ್ಮುಗಳಲ್ಲಿ ಬರೆಯುತ್ತಾಳೆ, ಬಾಯಿ ಮಾತ್ರ ಬಿಡುವುದಿಲ್ಲ.

ಅದೇ ವಾರ ಅವಳ ಬಯಾಪ್ಸಿ ರಿಪೋರ್ಟ್ ಬರಬೇಕಿತ್ತು. ಅವಳ ಎದೆಯಲ್ಲಿ ಕಂಡ ಗಂಟನ್ನು ನಾನು 'ಅದು' ಎಂದಷ್ಟೇ ಹೇಳುತ್ತಿದ್ದೆ. ವೇರಾ ಹೇಳಿದ ಪಾಠವನ್ನು ಬೆಳಗಿನ ಕಾಫಿಯ ಜೊತೆ ಒಪ್ಪಿಸಿದಾಗ ಶಾರದೆ ನಕ್ಕಳು, ಆಮೇಲೆ ಲೋಟ ಕೆಳಗಿಟ್ಟಳು.

"ಜೇನು ತಿನ್ನೋನು ಅಂದ್ರೆ ಕರಡಿ ಉಗುರು ಉದುರಿಹೋಗತ್ತೇನ್ರೀ? ನೀವು ಅದು, ಅದು ಅಂದಾಗೆಲ್ಲ ನಾನೊಬ್ಳೇ ಹೆದರ್ತಿದೀನಿ ಅನ್ಸತ್ತೆ."

ನಾನೂ ನನ್ನ ಲೋಟ ಕೆಳಗಿಟ್ಟೆ.

"ಕ್ಯಾನ್ಸರ್ ಇರಬಹುದು," ಎಂದೆ. "ನಂಗೂ ತುಂಬಾ ಹೆದರಿಕೆ ಆಗ್ತಿದೆ ಕಣೆ."

ಅವಳು ನನ್ನ ಕೈ ಹಿಡಿದುಕೊಂಡಳು. ಕಾಫಿ ಆರಿಹೋಯಿತು.

ಮರುದಿನ ಕ್ಲಿನಿಕ್ಕಿನ ಕೌಂಟರಿನಲ್ಲಿದ್ದಾಕೆ, ರಿಪೋರ್ಟ್ ಕೇಳಲು ಜೊತೆಯಲ್ಲಿ ಒಳಗೆ ಬರುವವರ ಹೆಸರೇನು ಎಂದು ವಿಚಾರಿಸಿದಳು. ಅಭ್ಯಾಸಬಲದಿಂದ ಉತ್ತರಿಸಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಶಾರದೆ ನನ್ನ ತೋಳನ್ನು ಬಿಗಿಯಾಗಿ ಹಿಡಿದು, ಅಲ್ಲಿ ಕೂತಿದ್ದವರಿಗೆಲ್ಲ ಕೇಳುವಂತೆ, "ಶ್ರೀನಿವಾಸ," ಎಂದಳು.